ಕಮಿಂಗ್, ಗೋಯಿಂಗ್ ಮತ್ತು ನನ್ನ ನೌಕರಿ

ನಮ್ಮ ಖಾಸಬಾಗದ ಓಣಿಯಲ್ಲಿ ಇಂಗ್ಲಿಷ್ ಬರುವ ಹೆಣ್ಣುಮಗಳು ಅಂದರೆ ನಾನೊಬ್ಬಳೇ. ಹಾಗಂತ ಓಣಿಗೆಲ್ಲ ಹೇಳಿದವಳೂ ನಾನೇ! ಎಂಬತ್ತರ ದಶಕದ ಮೊದಲ ವರ್ಷಗಳವು. ಉದ್ಯಮಬಾಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯ ಆಫೀಸಿನಲ್ಲಿ ನಾನು ಟೈಪಿಸ್ಟ್. ನಮ್ಮ ಮನೆತನದಲ್ಲಿ ನೌಕರಿಗೆ ಅಂತ ಹೊಸ್ತಿಲು ದಾಟಿದ ಮೊದಲ ಹೆಂಗಸು. ಹಾಗಾಗಿ ಬಸ್ಸಿಗೆ ಕಾಯುವಾಗಲೂ ಕತ್ತು ಸ್ವಲ್ಪ ಮೇಲೆಯೇ ಇರುತ್ತಿತ್ತು.

ಆ ವರ್ಷ ಕಲಕತ್ತಾ ಕಡೆಯಿಂದ ಹೊಸ ಮ್ಯಾನೇಜರ್ ಸಾಹೇಬರು ಬಂದರು. ಪಾಪ, ಬಹಳ ಸಭ್ಯ ಮನುಷ್ಯ. ಕನ್ನಡವೂ ಬಾರದು, ಮರಾಠಿಯೂ ಬಾರದು. ಹೆಡ್‌ಕ್ಲಾರ್ಕ್ ದೇಸಾಯರು ಅವರನ್ನು ಕಂಡರೆ ಫೈಲಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು. ನಾನು ಮಾತ್ರ ಎದೆಯುಬ್ಬಿಸಿ ಎದುರು ನಿಲ್ಲುತ್ತಿದ್ದೆ. ಇಂಗ್ಲಿಷ್ ಬರುತ್ತಿತ್ತಲ್ಲ!

ನಮ್ಮ ಕಡೆ ಎಲ್ಲಿಂದಲೇ ಎದ್ದು ಹೊರಟರೂ "ಹೋಗ್ತೀನಿ" ಅನ್ನುವಂತಿಲ್ಲ. ಅಪಶಕುನ. "ಬರ್ತೀನಿ" ಅನ್ನಬೇಕು. ಮೊದಲ ದಿನ ಸಂಜೆ ಐದೂವರೆಗೆ ನಾನು ಬ್ಯಾಗು ಹೆಗಲಿಗೇರಿಸಿ, ಸಾಹೇಬರ ಬಾಗಿಲಲ್ಲಿ ತಲೆ ಹಾಕಿ ಸಂಸ್ಕಾರವಂತಳಾಗಿ ಹೇಳಿದೆ: "ಸರ್, ಐ ಆಮ್ ಕಮಿಂಗ್."

"ಪ್ಲೀಸ್ ಕಮ್," ಅಂದರು.

ಎಷ್ಟು ಒಳ್ಳೆಯವರು ಅಂದುಕೊಂಡು ಬಸ್ಸು ಹತ್ತಿದೆ!

ಮರುದಿನ ವಾಚ್‌ಮನ್ ಹೇಳಿದ. ಸಾಹೇಬರು ಎರಡು ಚಹಾ ತರಿಸಿ, ಒಂದನ್ನು ತಮ್ಮೆದುರಿನ ಖಾಲಿ ಖುರ್ಚಿಯ ಮುಂದಿಟ್ಟು, ಏಳರವರೆಗೆ ಕಾದಿದ್ದರಂತೆ.

ಸಾಹೇಬರು ಬೈಯಲಿಲ್ಲ. ಒಂದು ಹಾಳೆ ತೆಗೆದು ತಮ್ಮ ಟೇಬಲ್ಲಿನ ಚಿತ್ರ ಬರೆದರು. ಟೇಬಲ್ಲಿನ ಕಡೆಗೆ ಒಂದು ಬಾಣ ಎಳೆದರು: ಇದು ಕಮಿಂಗ್. ಟೇಬಲ್ಲಿನಿಂದ ಆಚೆಗೆ ಇನ್ನೊಂದು ಬಾಣ: ಇದು ಗೋಯಿಂಗ್. ಆಫೀಸು ಬಿಟ್ಟು ಹೊರಟರೆ ಲೀವಿಂಗ್. "ಹೋಗುವಾಗ ಯಾವತ್ತೂ ಕಮಿಂಗ್ ಅನ್ನಬೇಡಿ" ಅಂತ ಇಂಗ್ಲಿಷಿನಲ್ಲಿಯೇ ತಿಳಿಹೇಳಿದರು. ಆ ಹಾಳೆಯನ್ನು ನಾನು ಮಡಚಿ ಟೈಪ್‌ರೈಟರಿನ ಕೆಳಗಿಟ್ಟುಕೊಂಡೆ. ಪಾಠ ತಲೆಗೆ ಹೋಯಿತು. ಸ್ವಲ್ಪ ಜಾಸ್ತಿಯೇ ಹೋಯಿತು!

ಎರಡು ತಿಂಗಳಾಗಿರಬಹುದು. ಖಾನಾಪುರದ ತವರುಮನೆಯಲ್ಲಿ ತಂಗಿ ಹೆತ್ತಳು. ಅವ್ವನಿಗೆ ಅದೇ ವಾರ ನಡ ಹಿಡಿದು ಏಳಲು ಬಾರದಂತಾಯಿತು. ಬಾಣಂತಿಗೆ ನೀರು ಹಾಕುವವರು ಯಾರು? ನಾನೇ ಹೋಗಬೇಕು, ಎಂಟು ದಿನ. ಕೂತು ಅರ್ಜಿ ಬಡಿದೆ:

"ಡಿಯರ್ ಸರ್, ಫ್ರಂ ಮಂಡೇ ಐ ಆಮ್ ಲೀವಿಂಗ್ ದಿ ಆಫೀಸ್ ಅಂಡ್ ಗೋಯಿಂಗ್ ಟು ಖಾನಾಪುರ. ಮೈ ಸಿಸ್ಟರ್ ಹ್ಯಾಸ್ ಬೇಬಿ. ಕೈಂಡ್ಲಿ ಅಲೋ."

ಎಷ್ಟು ದಿನ ಅಂತ ಬರೆಯಲಿಲ್ಲ. ಬಾಯಲ್ಲಿ ಹೇಳಿದರಾಯಿತು ಅಂದುಕೊಂಡೆ. ಹೇಳುವುದನ್ನು ಮರೆತೆ.

ಸಾಹೇಬರು ಓದಿ ಕನ್ನಡಕ ಕೆಳಗಿಟ್ಟರು. ಇಲ್ಲಿ ಏನಾದರೂ ತೊಂದರೆಯೇ ಅಂತ ಕೇಳಿದರು. "ನೋ ಸರ್." ನಿಮ್ಮ ಯಜಮಾನರು ಒಪ್ಪಿದ್ದಾರೆಯೇ? "ಎಸ್ ಸರ್, ಹಸ್ಬೆಂಡ್ ವೆರಿ ಹ್ಯಾಪಿ!" ಆಗ ಅವರು ಸಣ್ಣ ದನಿಯಲ್ಲಿ, "ವಿ ವಿಲ್ ಮಿಸ್ ಯೂ," ಅಂದರು.

"ಮಿಸ್ ಅಲ್ಲ ಸರ್," ನಾನು ತಾಳಿ ತೋರಿಸಿದೆ. "ಮಿಸೆಸ್."

ಹೊರಗೆ ದೇಸಾಯರು ತಡೆದರು. "ಏನ್ರಿ ಅಕ್ಕಾರ, ಹೊಂಟ್ರಂತಲ್ರಿ?"

"ಹೂಂನ್ರಿ, ಸೋಮವಾರದಿಂದ."

"ಚಲೋತ್ನ್ಯಾಗ ವಿಚಾರ ಮಾಡೀರಿಲ್ಲೋ?"

"ಅದರಾಗ ವಿಚಾರ ಮಾಡೂದೇನೈತ್ರಿ? ತಂಗಿ ಬಾಣಂತಿ. ಅವ್ವಗ ನಡಾ ಹಿಡದೈತಿ."

"ಖರೇ ಬಿಡ್ರಿ. ಮನೀಕಿಂತಾ ನೌಕರಿ ದೊಡ್ಡದೇನ?" ಅಂದು ದೇಸಾಯರು ಮೂಗು ಒರೆಸಿಕೊಂಡರು. ನೆಗಡಿಯಾಗಿದೆ ಪಾಪ ಅಂದುಕೊಂಡೆ!

ಶನಿವಾರ ಮಧ್ಯಾಹ್ನ ನೋಡಿದರೆ ಆಫೀಸಿನಲ್ಲಿ ಖುರ್ಚಿಗಳನ್ನು ಸಾಲಾಗಿ ಹಾಕಿದ್ದಾರೆ. ಮೋಲ್ಡಿಂಗ್ ಶಾಪಿನವರು ಕರಿ ಕೈ ತೊಳೆದುಕೊಂಡು ಬಂದು ನಿಂತಿದ್ದಾರೆ. ನನ್ನ ಕೊರಳಿಗೆ ಹಾರ! ಹೆಗಲಿಗೆ ಶಾಲು! ಎಲ್ಲರಿಗೂ ಎಲೆಯಲ್ಲಿ ಸಿಹಿ ಕುಂದಾ! ಎಂಟು ದಿನದ ರಜೆಗೆ ಇಷ್ಟು ಮರ್ಯಾದೆಯೇ ಅಂತ ನನ್ನ ಕಣ್ಣು ತುಂಬಿ ಬಂತು. ಭಾಷಣ ಮಾಡಿ ಅಂದರು. ಹೋಗಿ ಬರ್ತೀನಿ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸಾಹೇಬರ ಬಾಣ ನೆನಪಾಯಿತು. ಹೋಗುವಾಗ ಕಮಿಂಗ್ ಅನ್ನಬಾರದು!

"ಫ್ರೆಂಡ್ಸ್," ಅಂದೆ ಗಂಭೀರವಾಗಿ, "ಐ ಆಮ್ ಗೋಯಿಂಗ್. ನಾಟ್ ಕಮಿಂಗ್!"

ಸಾಹೇಬರು ಕರವಸ್ತ್ರ ತೆಗೆದರು.

ಮನೆಗೆ ಹಾರದ ಸಮೇತ ಬಂದೆ. ನಮ್ಮವರು ಶಾಲೆಯ ಮಾಸ್ತರು. ಎಲ್ಲದಕ್ಕೂ ಸಂಶಯ.

"ರಜಾ ಹಾಕಿದ್ರ ಹಾರಾ ಹಾಕ್ತಾರೇನ? ನಮ್ಮ ಸಾಲ್ಯಾಗ ಹೆಡ್‌ಮಾಸ್ತರ್ರು ಬರೇ ಮಾರಿ ಗಂಟ ಹಾಕ್ತಾರ."

"ನಿಮ್ಮದು ಸರಕಾರಿ ಸಾಲಿ. ನಮ್ದು ಕಂಪನಿ. ರೀತಿನ ಬ್ಯಾರೆ," ಅಂದೆ.

ಖಾನಾಪುರದಲ್ಲಿ ಎಂಟು ದಿನ ನನ್ನದೇ ರಾಜ್ಯ. ಕೂಸಿಗೆ ಎಣ್ಣೆ ತಿಕ್ಕುತ್ತ ಬಂದವರಿಗೆಲ್ಲ ಶಾಲು ತೋರಿಸಿದೆ. ಪಕ್ಕದ ಮನೆಯ ಮರಾಠಿ ಆಯಿಯಂತೂ ತನ್ನ ಸೊಸೆಯನ್ನೂ ಟೈಪಿಂಗ್ ಕ್ಲಾಸಿಗೆ ಹಚ್ಚುತ್ತೇನೆ ಅಂದಳು.

ಒಂಬತ್ತನೆಯ ದಿನ ಉದ್ಯಮಬಾಗಕ್ಕೆ ಬಂದಿಳಿದು ಆಫೀಸಿನೊಳಗೆ ಕಾಲಿಟ್ಟೆ. ನನ್ನ ಖುರ್ಚಿಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೂತಿದ್ದಳು.

"ಯಾರವಾ ನೀ?"

"ಹೊಸಾ ಟೈಪಿಸ್ಟ್ ರಿ. ಇವತ್ತ ಹಾಜರಾಗೀನಿ. ನೀವ್ಯಾರ್ರಿ?"

ನಾನ್ಯಾರು? ದೇಸಾಯರು ದೆವ್ವ ಕಂಡವರಂತೆ ಎದ್ದು ನಿಂತರು. "ಅಕ್ಕಾರ! ನೌಕರಿ ಬಿಟ್ಟ ಹೋದಾವ್ರು ಮತ್ಯಾಕ ಬಂದ್ರಿ?"

"ಬಿಟ್ಟಾಕಿ ಯಾರು? ಎಂಟ ದಿನಾ ರಜಾ ಹಾಕೀನ್ರಿ!"

ಹೇಳುತ್ತಿದ್ದಂತೆಯೇ ಎಲ್ಲ ಹೊಳೆಯಿತು. ಹಾರ, ಶಾಲು, ಕರವಸ್ತ್ರ. ಇಬ್ಬರ ಪಗಾರದ ಮೇಲೆ ನಡೆಯುತ್ತಿದ್ದ ಮನೆ. ಓಣಿಯವರ ಮುಂದೆ ಏನು ಹೇಳಲಿ? ಇಂಗ್ಲಿಷ್ ಬಂದದ್ದರಿಂದ ನೌಕರಿ ಹೋಯಿತು ಅನ್ನಲೇ? ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತುಬಿಟ್ಟೆ. ಹೊಸ ಹುಡುಗಿಯೇ ನೀರು ತಂದುಕೊಟ್ಟಳು.

ಗದ್ದಲ ಕೇಳಿ ಸಾಹೇಬರು ಹೊರಗೆ ಬಂದರು. ದೇಸಾಯರು ಜನ್ಮದಲ್ಲಿ ಮೊದಲ ಬಾರಿ ಅವರೆದುರು ಇಂಗ್ಲಿಷ್ ಮಾತಾಡಿದರು: "ಸರ್, ಓನ್ಲಿ ಏಟ್ ಡೇಸ್!"

ಸಾಹೇಬರು ಅರ್ಜಿ ತರಿಸಿ ನನ್ನ ಮುಂದೆ ಹಿಡಿದು, ಇದರಲ್ಲಿ ಲೀವ್ ಅನ್ನುವ ಶಬ್ದ ಎಲ್ಲಿದೆ ಅಂತ ಕೇಳಿದರು.

ನಾನು ಬಿಕ್ಕುತ್ತ ಬೆರಳಿಟ್ಟು ತೋರಿಸಿದೆ. "ಇಲ್ಲೇ ಇದೆ ಸರ್. ಐಎನ್‌ಜಿ ಅಷ್ಟೇ ಜಾಸ್ತಿ."

ಅವರು ಒಂದು ನಿಮಿಷ ಅರ್ಜಿ ನೋಡಿದರು, ಒಂದು ನಿಮಿಷ ನನ್ನನ್ನು ನೋಡಿದರು. ಆಮೇಲೆ ನಗಲು ಶುರು ಮಾಡಿದರು ನೋಡಿ, ಗೋಡೆ ಹಿಡಿದುಕೊಳ್ಳಬೇಕಾಯಿತು!

ನಾನು ರಾಜೀನಾಮೆ ಕೊಟ್ಟಿದ್ದೇನೆಂದು ಹೆಡ್ ಆಫೀಸಿಗೆ ತಿಳಿಸುವ ಪತ್ರ ಇನ್ನೂ ಹೋಗಿರಲೇ ಇಲ್ಲ. ಯಾಕೆಂದರೆ ಅದನ್ನು ಟೈಪ್ ಮಾಡಲು ಆಫೀಸಿನಲ್ಲಿ ಟೈಪಿಸ್ಟ್ ಇರಲಿಲ್ಲ! ಸಾಹೇಬರು ಕೈಬರಹದ ಆ ಕರಡನ್ನು ನನ್ನ ಎದುರಿಗೇ ಹರಿದರು. ಬಹಳ ದಿನದಿಂದ ಆಳು ಬೇಕಾಗಿದ್ದ ಸ್ಟೋರ್ ವಿಭಾಗಕ್ಕೆ ಆ ಹುಡುಗಿಯನ್ನು ಹಾಕಿದರು. ನನ್ನಿಂದಾಗಿ ಒಂದು ಮನೆಗಾದರೂ ಪಗಾರ ಬಂತು ಅನ್ನುವುದೇ ಸಮಾಧಾನ. ನಾನು ಮತ್ತೆ ನನ್ನ ಖುರ್ಚಿಯಲ್ಲಿ ಕೂತೆ.

ಸಂಜೆ ಸಾಹೇಬರು ಒಂದು ಹೊಸ ನಿಯಮ ಮಾಡಿ, ಆಫೀಸ್ ಆರ್ಡರ್ ಹೊರಡಿಸಿದರು. ಟೈಪಿಸ್ಟರು ಆಫೀಸಿನ ಸಮಸ್ತ ಇಂಗ್ಲಿಷ್ ಪತ್ರಗಳನ್ನು ಟೈಪ್ ಮಾಡತಕ್ಕದ್ದು. ಆದರೆ ತಮ್ಮ ಸ್ವಂತ ಅರ್ಜಿಗಳನ್ನು ಕಡ್ಡಾಯವಾಗಿ ಕನ್ನಡದಲ್ಲಿಯೇ ಕೊಡತಕ್ಕದ್ದು; ಅವನ್ನು ದೇಸಾಯರು ಸಾಹೇಬರಿಗೆ ತಿಳಿಹೇಳತಕ್ಕದ್ದು.

ಆ ಆರ್ಡರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ನಾಲ್ಕು ಪ್ರತಿ ತೆಗೆದು, ನೋಟಿಸ್ ಬೋರ್ಡಿಗೆ ಹಚ್ಚಿದವಳೂ ನಾನೇ. ಒಂದೂ ತಪ್ಪಿರಲಿಲ್ಲ.