ನನ್ನ ರಕ್ತಕ್ಕೆ ಡಿಗ್ರಿ ಬರಲಿಲ್ಲ

ಹಾಲಿಗೆ ನೀರು ಬೆರೆಸಿದವರನ್ನು ನಾನು ಮುಖ ನೋಡಿಯೇ ಹೇಳಬಲ್ಲೆ. ಬಂಗಾರಪೇಟೆ ಪಕ್ಕದ ನಮ್ಮೂರ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಯಾರಾದರೂ ಕ್ಯಾನು ತಂದಿಟ್ಟರೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಸಾಲಿನಲ್ಲಿರುವವರಿಗೆಲ್ಲ ಕೇಳುವಂತೆ "ಡಿಗ್ರಿ ಬರ್ಲಿಲ್ಲ, ವಾಪಸ್ ತಗಂಡೋಗು" ಎಂದು ಕೂಗುವುದರಲ್ಲಿ ನನಗಿರುವ ಸುಖ ಆ ದೇವರಿಗೇ ಗೊತ್ತು. ಇಂಥ ನಾನು ಪರೀಕ್ಷೆಯೊಂದರಲ್ಲಿ ಫೇಲಾಗುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕೊರೊನಾ ಬಂದ ಮೊದಲ ವರ್ಷ ಡೈರಿಯವರಿಗೆಲ್ಲ ಮೂಗಿಗೆ ಕಡ್ಡಿ ಹಾಕಿ ನೋಡಿದರು. ನನ್ನೊಬ್ಬನಿಗೆ ಪಾಸಿಟಿವ್. ಜ್ವರವಿಲ್ಲ, ಕೆಮ್ಮಿಲ್ಲ, ಒಂದು ಸೀನು ಕೂಡ ಇಲ್ಲ. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಒಬ್ಬನೇ ಮುದ್ದೆ ಉಂಡುಕೊಂಡಿದ್ದು, ಹೇಳಿದಷ್ಟು ದಿನ ಕಳೆದ ಮೇಲೆ ಎದ್ದುಬಂದೆ. ಅವತ್ತಿನಿಂದ ನನ್ನ ನಡಿಗೆಯೇ ಬೇರೆಯಾಯಿತು. ನನ್ನ ಮೈತುಂಬ ಆಂಟಿಬಾಡಿ ತುಂಬಿ ತುಳುಕುತ್ತಿದೆ, ಇನ್ನು ಆ ಕೊರೊನಾ ನನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಕಂಡಕಂಡವರಿಗೆ ಸಾರಿದೆ. ಮಾಸ್ಕು ಗಲ್ಲಕ್ಕಿಳಿಯಿತು.

ಮಾರನೆಯ ವರ್ಷ, ಎರಡನೇ ಅಲೆಯಲ್ಲಿ, ನನ್ನ ಬಾಮೈದ ಗೋವಿಂದನಿಗೆ ಬಂತು. ರಾಬರ್ಟ್‌ಸನ್‌ಪೇಟೆಯಲ್ಲಿ ಆಟೋ ಓಡಿಸುವ, ಕಲ್ಲು ತಿಂದು ಕರಗಿಸುವಂಥ ಆಳು. ಉಸಿರು ಸಾಲದೆ ಕೆಜಿಎಫ್‌ನ ಆಸ್ಪತ್ರೆ ಸೇರಿದ. ನನ್ನ ಹೆಂಡತಿ ಮುನಿರತ್ನಮ್ಮನಿಗೆ ಇರುವವನು ಅವನೊಬ್ಬನೇ ತಮ್ಮ; ಅವಳು ಅನ್ನ ನೀರು ಬಿಟ್ಟಳು. ಅಷ್ಟರಲ್ಲಿ ಉರಿಗಾಂನಿಂದ ಅತ್ತೆಯ ಫೋನ್. ಕೊರೊನಾ ಬಂದು ವಾಸಿಯಾದವರ ಪ್ಲಾಸ್ಮಾ ಸಿಕ್ಕರೆ ಕೊಟ್ಟು ನೋಡಬಹುದು ಎಂದು ಡಾಕ್ಟರು ಹೇಳಿದರಂತೆ.

"ಯಾರ್ನೂ ಉಡುಕ್ಬೇಡಿ ಅತ್ತೆ," ಎಂದೆ. "ನಾನಿದೀನಿ. ಇಬ್ರುದೂ ಒಂದೇ ಗ್ರೂಪು."

ಮದುವೆಯಾದಾಗಿನಿಂದ ನನ್ನನ್ನು ಮೂರು ಕಾಸಿಗೂ ಲೆಕ್ಕಕ್ಕಿಡದ ಅತ್ತೆ ಫೋನಿನಲ್ಲೇ ಅತ್ತುಬಿಟ್ಟರು. "ನಮ್ ಪಾಲಿಗೆ ನೀನೇ ದೇವ್ರು ಕಣಪ್ಪಾ," ಎಂದರು. ನಾನು ದೇವರಾಗಲು ತಯಾರಿ ಶುರುಮಾಡಿದೆ.

ಹಸುವಿಗೆ ಹಿಂಡಿ, ಬೂಸಾ ಚೆನ್ನಾಗಿ ಹಾಕಿದರೆ ಹಾಲಿನ ಫ್ಯಾಟ್ ಏರುತ್ತದೆ. ಮನುಷ್ಯನಿಗೆ ಬೇರೆ ಕಾನೂನಿದೆಯೇ? ಕಾಲುಸೂಪು, ಬೇಯಿಸಿದ ಮೊಟ್ಟೆ, ಹುರುಳಿಕಾಳಿನ ಬಸ್ಸಾರು, ಎಲ್ಲವನ್ನೂ ಒಂದೇ ದಿನದಲ್ಲಿ ಇಳಿಸಿದೆ. ಮರುದಿನ ಎದ್ದವನು ನೀರು ಮಾತ್ರ ಮುಟ್ಟಲಿಲ್ಲ. ನೀರು ಸೇರಿದರೆ ಡಿಗ್ರಿ ಬೀಳುತ್ತದೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು?

"ಬಿಸ್ಲು ಇಂಗ್ ಉರೀತೈತೆ, ಒಂದ್ ಗುಟುಕು ಕುಡೀರಿ," ಎಂದಳು ಮುನಿರತ್ನಮ್ಮ.

"ಸುಮ್ಕಿರು. ನಿನ್ ತಮ್ಮುಂಗೆ ನೀರ್ ರಗ್ತ ಕೊಡ್ಲಾ?"

ಪಾಪ, ಅವಳು ಚೊಂಬು ಕೆಳಗಿಟ್ಟಳು.

ಬೈಕಿನಲ್ಲಿ ಅವಳನ್ನು ಕೂರಿಸಿಕೊಂಡು ಬಂಗಾರಪೇಟೆ ದಾಟಿ ಕೆಜಿಎಫ್ ಸೇರುವಷ್ಟರಲ್ಲಿ ನಾಲಗೆ ಅಂಗುಳಕ್ಕೆ ಅಂಟಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಅತ್ತೆ ಕೈಮುಗಿದು ನಿಂತಿದ್ದರು. ಪರೀಕ್ಷೆಗೆಂದು ನರ್ಸಮ್ಮ ರಕ್ತ ತೆಗೆದುಕೊಂಡು, ಹೊರಗೆ ಕಾಯಲು ಹೇಳಿದರು. ನಾನು ಬಿಸಿಲಲ್ಲೇ ನಿಂತು, ಅಲ್ಲಿ ಸೇರಿದ್ದ ನೆಂಟರಿಗೆಲ್ಲ ಆಂಟಿಬಾಡಿಯ ಮಹಿಮೆ ವಿವರಿಸತೊಡಗಿದೆ. ಮಹಿಮೆ ಅರ್ಧಕ್ಕೆ ಬಂದಾಗ ಆಸ್ಪತ್ರೆಯ ಕಟ್ಟಡ ಒಂದು ಸುತ್ತು ತಿರುಗಿತು. ಆಮೇಲೆ ನೆಂಟರೆಲ್ಲ ತಲೆಕೆಳಗಾಗಿ ಕಂಡರು.

ಕಣ್ಣು ಬಿಟ್ಟಾಗ ಮಂಚದ ಮೇಲಿದ್ದೆ. ಕೈಗೆ ಸೂಜಿ, ಮೇಲೆ ಬಾಟಲಿ.

"ಸಿಸ್ಟರ್, ಅದ್ರೊಳಗೇನೈತೆ?"

"ಒಣ್ಣುಮಿಲ್ಲ ಸಾರ್, ಏನೂ ಇಲ್ಲ, ಉಪ್ ನೀರು. ನಿಮ್ ಮೈಯಲ್ಲಿ ನೀರೇ ಇಲ್ಲ."

ಡೈರಿ ಸೆಕ್ರೆಟರಿಗೇ ನೀರು ಬೆರೆಸುತ್ತಿದ್ದರು! ಕಿತ್ತೆಸೆಯಲು ಹೋದೆ, ಮುನಿರತ್ನಮ್ಮ ಕೈ ಅದುಮಿ ಹಿಡಿದಳು. ಹೋಗಲಿ, ಸ್ಯಾಂಪಲ್ ಮೊದಲೇ ಹೋಗಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದರು. "ನಿಮ್ಮ ಪ್ಲಾಸ್ಮಾ ಆಗೋದಿಲ್ಲ. ಆಂಟಿಬಾಡಿ ಇಲ್ಲವೇನೋ ಅನ್ನುವಷ್ಟು ಕಡಿಮೆ ಇದೆ."

ನನ್ನ ಜಂಘಾಬಲವೇ ಉಡುಗಿಹೋಯಿತು. ಮಲಗಿದ್ದೆನಾದ್ದರಿಂದ ಬೀಳಲಿಲ್ಲ.

"ಇನ್ನೊಂದ್ಸಲ ನೋಡಿ ಸಾರ್," ಎಂದೆ. "ಚೆನ್ನಾಗಿ ಕಲಕಿ ನೋಡಿ. ಕೆಲವು ಸಲ ಸಾರವೆಲ್ಲ ಮೇಲೇ ನಿಂತಿರ್ತದೆ."

ಡಾಕ್ಟರು ನನ್ನನ್ನೇ ನೋಡಿದರು. "ಕಲಕೋದಕ್ಕೆ ಇದೇನು ಹಾಲೇನ್ರೀ? ಲಕ್ಷಣವೇ ಇಲ್ಲದೆ ಬಂದುಹೋದವರಲ್ಲಿ ಕೆಲವರಿಗೆ ಆಂಟಿಬಾಡಿ ಹುಟ್ಟೋದೇ ಕಡಿಮೆ. ಹುಟ್ಟಿದ್ದೂ ದಿನ ಕಳೆದ ಹಾಗೆ ಇಳಿದುಹೋಗುತ್ತೆ. ನಿಮಗೆ ಮತ್ತೆ ಬರಬಾರದು ಅಂತೇನೂ ಇಲ್ಲ. ಮೊದಲು ಆ ಮಾಸ್ಕ್ ಮೇಲಕ್ಕೇರಿಸಿ."

ಮಾಸ್ಕನ್ನು ಸರಕ್ಕನೆ ಮೂಗಿಗೆಳೆದುಕೊಂಡೆ. ಸಂತೆ, ಮದುವೆ, ಬಸ್ಸು ಎಂದು ಅಷ್ಟು ತಿಂಗಳು ನಾನು ಎದೆಯುಬ್ಬಿಸಿ ಸುತ್ತಿದ್ದು ಇಷ್ಟನ್ನು ನಂಬಿಕೊಂಡೇ? ಅದಕ್ಕಿಂತ ದೊಡ್ಡ ಭಯ ಒಳಗಿನ ವಾರ್ಡಿನಲ್ಲಿ ಮಲಗಿತ್ತು. ನಾನಿದ್ದೇನೆಂದು ನಂಬಿ ಇವರು ಬೇರೆ ಯಾರನ್ನೂ ಹುಡುಕಿರಲಿಲ್ಲ. ಗೋವಿಂದನಿಗೆ ಏನಾದರೂ ಆದರೆ ಮುನಿರತ್ನಮ್ಮನ ಮುಖ ಹೇಗೆ ನೋಡಲಿ? ಅವಳು ಬಾಯಿಬಿಟ್ಟು ಬೈದಿದ್ದರೆ ಹಗುರವಾಗುತ್ತಿತ್ತು. ಅತ್ತೆಯೇ ಕೇಳಿದರು, "ಅಂಗಾದ್ರೆ ಅಷ್ಟು ದಿನದಿಂದ ಏನಪ್ಪಾ ಏಳ್ಕಂಡ್ ತಿರುಗ್ತಿದ್ದೆ?"

ನಾನು ಬಾಟಲಿಯ ಕಡೆ ತಿರುಗಿ ಮಲಗಿದೆ.

ನೆಂಟರು ಊರೂರಿಗೆ ಫೋನ್ ಹಚ್ಚಿದರು. ಕೊಡುವವರು ಸಿಗುವ ಮೊದಲೇ, ಪುಣ್ಯಕ್ಕೆ, ಗೋವಿಂದನ ಉಸಿರು ತಾನಾಗಿ ಸುಧಾರಿಸತೊಡಗಿತು. ಇನ್ನು ಪ್ಲಾಸ್ಮಾ ಬೇಡ ಎಂದರು ಡಾಕ್ಟರು. ಆ ಸಂಜೆ ಮುನಿರತ್ನಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎರಡು ಇಡ್ಲಿ ತಿಂದಳು. ನಾನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಗೋವಿಂದ ಪೂರ್ತಿ ಚೇತರಿಸಿಕೊಂಡ ಮೇಲೆ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ನಮ್ಮೂರಿಗೆ ಬಂದ. ಆಸ್ಪತ್ರೆಯವರು ಅವನ ರಕ್ತವನ್ನೂ ನೋಡಿದ್ದರಂತೆ. ಜಗಲಿಯ ಮೇಲೆ ಕಾಲು ಚಾಚಿ, ಬೀದಿಗೆಲ್ಲ ಕೇಳುವಂತೆ ಹೇಳಿದ:

"ಬಾವಾ, ನನ್ ಮೈಯಾಗೆ ಆಂಟಿಬಾಡಿ ಬೇಕಾದಷ್ಟೈತಂತೆ. ನಿಂಗೇನಾದ್ರೂ ಎಚ್ಚುಕಮ್ಮಿಯಾದ್ರೆ ಕೇಳು, ನಾಚ್ಕಬೇಡ. ನಾನಿದೀನಿ."

ಅವನನ್ನು ಉಳಿಸಲು ಹೊರಟಿದ್ದವನು ನಾನು. "ಆಗ್ಲಪ್ಪಾ, ಮರೀಬೇಡ" ಎಂದೆ.