ಒಂದ ಹಾರ್ಡ್ ಡಿಸ್ಕಿನ್ಯಾಗ ಗಂಡ ಹೆಂಡ್ತಿ

ನನ್ನ ಕೆಲಸ ಕಂಪ್ಯೂಟರ್ ರಿಪೇರಿ. ಬೆನ್ನಿಗೊಂದು ಬ್ಯಾಗು, ಬ್ಯಾಗಿನ್ಯಾಗ ಸ್ಕ್ರೂಡ್ರೈವರು, ನಾಕೈದು ಪೆನ್‌ಡ್ರೈವು. ಇವತ್ತು ಕೂಡ್ಲಿಗಿ, ನಾಳೆ ಹಗರಿಬೊಮ್ಮನಹಳ್ಳಿ, ನಾಡದು ಮತ್ತೆಲ್ಲೋ. ಈ ಕೆಲಸದಾಗ ಹೊಟ್ಟಿ ತುಂಬತೈತೋ ಇಲ್ಲೋ, ನಕ್ಕು ನಕ್ಕು ಹೊಟ್ಟಿ ಹುಣ್ಣಾಗೋದಂತೂ ಖರೆ. ಹಡಗಲಿಯ ಹೂವಿನ ವ್ಯಾಪಾರಿ ಒಬ್ಬರು, ಸಿಸ್ಟಮ್ ಭಾಳ ಕಾಯತೈತಿ ಅಂತ ಮಲ್ಲಿಗಿ ಬುಟ್ಟಿಗೆ ಹೊಚ್ಚೋ ಒದ್ದಿ ಬಟ್ಟಿನ ಸಿಪಿಯುಗೂ ಹೊಚ್ಚಿದ್ರು. ಸುಟ್ಟು ಹೋತಲ್ರಿ ಅಂದ್ರ, "ಅಷ್ಟು ಸೂಕ್ಷ್ಮ ಹೂವಾ ತಡಕೊಳ್ತೈತಿ, ಈ ತಗಡಿಗೇನ್ ಧಾಡಿ?" ಅಂತ ನನ್ನ ಮ್ಯಾಲೇ ರೇಗಿದ್ರು. ಇಂಥಾವು ದಿನಾ ಇದ್ದದ್ದ. ಆದ್ರ ಕೊಟ್ಟೂರಿನ ಒಂದು ಪ್ರಿಂಟಿಂಗ್ ಪ್ರೆಸ್‌ನ್ಯಾಗ ಒಂದ ಕಂಪ್ಯೂಟರಿಗೆ ಎರಡು ವಿಂಡೋಸ್ ಹಾಕಾಕ ಹೋಗಿ ನಾ ನೋಡಿದ್ದೈತಲ್ಲ, ಅದರ ಮಜಾನ ಬ್ಯಾರೆ.

೧. ಹಳೇದೂ ಬೇಕು, ಹೊಸಾದೂ ಬೇಕು

ಆ ಪ್ರೆಸ್ಸು ಅವರ ಮನಿ ಮುಂದಿನ ಕೋಣಿಯೊಳಗ ಐತಿ. ಮಾಲೀಕರು ಮದಿವಿ ಕಾರ್ಡು ಮಾಡ್ತಾರ. ಅವರ ಹೆಂಡ್ತಿ, ನಾ ಅಕ್ಕಾರು ಅಂತೀನಿ, ಅದ ಕಂಪ್ಯೂಟರಿನ್ಯಾಗ ಮಂದಿಯ ಆನ್‌ಲೈನ್ ಅರ್ಜಿ ಹಾಕಿ ಕೊಡ್ತಾರ. ಮಾಲೀಕರ ಕಾರ್ಡಿನ ಸಾಫ್ಟ್‌ವೇರು ಎಷ್ಟು ಹಳೇದಂದ್ರ, ಹಳೇ ವಿಂಡೋಸ್ ಬಿಟ್ಟು ಬ್ಯಾರೆದ್ರಾಗ ಕಣ್ಣ ಬಿಡಂಗಿಲ್ಲ. ಅಕ್ಕಾರ ಅರ್ಜಿ ವೆಬ್‌ಸೈಟುಗಳು ಹೊಸಾದು ಬಿಟ್ಟು ಹಳೇದ್ರಾಗ ತೆರಿಯಂಗಿಲ್ಲ.

"ಎರಡನೇ ಕಂಪ್ಯೂಟರ್ ತಗೊಂಡ್ಬಿಡ್ರಿ ಅಣ್ಣಾರ" ಅಂದೆ.

"ಮಗಳ ಮದಿವಿ ಮುಂದೈತಿ. ಅದು ಮುಗಿಯೋ ತನಕ ಹೊಸಾದರ ಸುದ್ದಿ ಎತ್ತಬ್ಯಾಡ ತಮ್ಮಾ" ಅಂದ್ರು.

ಅವರ ಎದಿಯೊಳಗ ಕುಂತ ಚಿಂತಿ ಬ್ಯಾರೇನ ಇತ್ತು. ಬೀಗರು ಹರಪನಹಳ್ಳಿಯವರು. ಗಂಡಿನ ಅಪ್ಪ, "ಎರಡೂ ಮನಿ ಕಾರ್ಡು ನಮ್ಮೂರಲ್ಲೇ ಹಾಕಿಸ್ತೀವಿ, ಮಿಂಚ್ತಾವೆ" ಅಂದುಬಿಟ್ಟಿದ್ರು. ಅದನ್ನ ಹೇಳುವಾಗ ಮಾಲೀಕರ ದನಿ ಇಳೀತು. "ಈ ಊರ ಮಂದಿ ಎಲ್ಲಾರ ಮದಿವಿ ಕಾರ್ಡು ನಾ ಮಾಡೀನಿ. ನನ್ನ ಮಗಳದು ಬ್ಯಾರೆ ಪ್ರೆಸ್‌ನ್ಯಾಗ ಅಚ್ಚಾದ್ರ ನಾ ಶಟರ್ ಎಳಕೊಂಡು ಮನ್ಯಾಗ ಕುಂದರಬೇಕು."

ಹಂಗಾರ ಹಾರ್ಡ್ ಡಿಸ್ಕ್ ಎರಡು ಭಾಗ ಮಾಡಿ ಒಂದರಾಗ ಹಳೇ ವಿಂಡೋಸು, ಇನ್ನೊಂದರಾಗ ಹೊಸಾದು ಹಾಕ್ತೀನಿ, ಚಾಲೂ ಮಾಡುವಾಗ ಯಾವುದು ಬೇಕೋ ಅದನ್ನ ಆರಿಸ್ಕೊಳ್ರಿ ಅಂದೆ. ಮಾಲೀಕರು ಹೆಂಡ್ತಿ ಕಡಿ ನೋಡಿ ನಿಟ್ಟುಸಿರು ಬಿಟ್ರು. "ಆರಿಸ್ಕೊಳ್ಳೋ ಕಾಲ ನಂದು ಮುಗದು ಭಾಳ ವರ್ಷ ಆತಪಾ, ಇದರಾಗರ ಆಗ್ಲಿ."

೨. ಕಂಬದ ಮ್ಯಾಲಿನ ಮನುಷ್ಯಾ

ಡಿಸ್ಕ್ ಭಾಗ ಮಾಡುವಾಗ ನಡುವ ಕರೆಂಟು ಹೋದ್ರ ಒಳಗಿಂದೆಲ್ಲಾ ಕಲಸಿ ಹೋಗತೈತಿ, ಹುಷಾರು ಅಂತ ಒಂದು ಮಾತು ಹೇಳಿದ್ದ ನಂದು ತಪ್ಪಾತು. ಯುಪಿಎಸ್ ಬ್ಯಾಟರಿ ಯಾವಾಗೋ ಸತ್ತಿತ್ತು. ಈಗ ಅದರ ಮ್ಯಾಲೆ ಕೂತದ್ದು ಬರೇ ಅಂಟಿನ ಡಬ್ಬಿ.

ಮದ್ಲು ರಾಹುಕಾಲ ಮುಗಿಯೋ ತನಕ ನನಗ ಎಂಟರ್ ಒತ್ತಾಕ ಬಿಡ್ಲಿಲ್ಲ. ಮುಗದ ಮ್ಯಾಲೆ ಅಕ್ಕಾರು ಬಂದು ಸಿಪಿಯುಗೆ ಇಬತ್ತಿ ಹಚ್ಚಿದ್ರು. ಊದಿನಕಡ್ಡಿ ಹಚ್ಚಿ ಫ್ಯಾನಿನ ತೂತಿನ್ಯಾಗ ಸಿಗಸಾಕ ಹೋದಾಗ ನಾ ಕೈ ಮುಗದು ಬ್ಯಾಡ್ರಿ ಅಂದೆ.

ನಾ ಎಂಟರ್ ಒತ್ತಿದ್ದ ತಡ, ಮಾಲೀಕರು ಲೈನ್‌ಮನ್‌ಗೆ ಫೋನ್ ಹಚ್ಚಿದ್ರು. "ಕರೆಂಟ್ ತೆಗೀಬ್ಯಾಡ್ರಿ, ನನ್ನ ಜೀವಮಾನದ ದುಡಿತ ಇದರಾಗೈತಿ." ಪರದಿ ಮ್ಯಾಲಿನ ಗೆರಿ ಚೂರು ಸರಿದ್ರ ಸಾಕು, ಮತ್ತ ಫೋನು. "ಇನ್ನೊಂದೀಟು ತಡಕೊಳ್ರಿ." ಗೆರಿ ನಿಂತ್ರ ಇನ್ನೊಂದು ಫೋನು. "ಏನೋ ನಿಂತಂಗ ಆಗೈತಿ, ನೀವೇನರ ಮಾಡಿದ್ರೇನು?"

ಕಡೀಗೆ ಲೈನ್‌ಮನ್ ಒದರಿದ್ದು ನನಗೂ ಕೇಳಿಸ್ತು. "ಯಜಮಾನ್ರ, ಕರೆಂಟ್ ನಾ ತೆಗಿಯಂಗಿಲ್ಲ. ಆದ್ರ ನೀವು ಹಿಂಗ ಫೋನ್ ಮಾಡ್ತಾ ಇದ್ರ ನಾನ ಕಂಬದ ಮ್ಯಾಲಿಂದ ಬಿದ್ದು ಹೋಗ್ತೀನಿ!"

೩. ಮ್ಯಾಲೆ ಯಾರು, ಕೆಳಗ ಯಾರು

ಎರಡೂ ವಿಂಡೋಸ್ ಸುರಳೀತ ಕುಂತ್ವು. ಇನ್ನ ಚಾಲೂ ಮಾಡಿದಾಗ ಬರೋ ಪರದಿಯೊಳಗ ಎರಡಕ್ಕೂ ಒಂದೊಂದು ಹೆಸರು ಬರೀಬೇಕು. "ಹಳೇದು, ಹೊಸಾದು ಅಂತ ಬರೀಲೇನ್ರಿ?" ಅಂದೆ.

ಮಾಲೀಕರು ಉರದು ಬಿದ್ರು. "ನಂದು ಹಳೇದೇನು? ನಮ್ಮಿಬ್ಬರ ಹೆಸರ ಬರಿ."

ಬರದೆ. ಮ್ಯಾಲೆ ಯಾರ ಹೆಸರು ಅನ್ನೋದು ಮುಂದಿನ ಜಗಳ. ಮದಿವಿ ಕಾರ್ಡಿನ್ಯಾಗ ಹಿರೇರ ಹೆಸರು ಒಂದು ಸಾಲು ಕೆಳಗ ಜಾರಿದ್ರ ಎಷ್ಟು ಮನಿ ಮುನಿಸ್ಕೊಂಡಾವು ಅಂತ ಮಾಲೀಕರು ಒಂದು ದೊಡ್ಡ ಕಥಿನ ಹೇಳಿದ್ರು. ಅಕ್ಕಾರು, "ನಿಮ್ಮದ ಮ್ಯಾಲಿರ್ಲಿ ಬಿಡ್ರಿ. ಆದ್ರ ಯಾರೂ ಏನೂ ಒತ್ತದಿದ್ರ ತಾನ ನಂದಕ್ಕ ಹೋಗಬೇಕು, ಗಿರಾಕಿ ಬಾಗಿಲಾಗ ನಿಂತಿರ್ತಾರ" ಅಂದ್ರು. ಸರಿ ಅಂತ ಹತ್ತು ಸೆಕೆಂಡು ಇಟ್ಟೆ. ಅಷ್ಟರಾಗ ಮಾಲೀಕರ ಹೆಸರು ಆರಿಸಿ ಒತ್ತದಿದ್ರ ಅದು ಸೀದಾ ಅಕ್ಕಾರ ವಿಂಡೋಸಿಗೆ ಹೋಗತೈತಿ.

"ತಿಳೀತಲ್ರಿ ಅಣ್ಣಾರ? ಮ್ಯಾಲಿರೋ ಹೆಸರು ನಿಮ್ಮದು, ನಡಿಯೋದು ಅಕ್ಕಾರದು" ಅಂದೆ.

ಚಾ ತಂದ ಮಗಳು ಅಂದ್ಲು, "ಅಪ್ಪಗ ಇದನ್ನ ಕಲಿಸೋದ ಬ್ಯಾಡಣ್ಣ, ರೂಢಿ ಐತಿ."

೪. ಹಡಗಲಿಯಿಂದ ಓಡಿ ಬಂದದ್ದು

ಎರಡು ದಿನ ಆಗಿರಬೇಕು. ನಾ ಹಡಗಲ್ಯಾಗ ಒಂದು ಅಂಗಡಿಯ ಸಿಪಿಯು ಬಿಚ್ಚಿ ಹರವಿಕೊಂಡು ಕುಂತಿದ್ದೆ. ಮಾಲೀಕರ ಫೋನು ಬಂತು, ದನಿ ಅಳೋವಂಗಿತ್ತು. "ತಮ್ಮಾ, ಎಲ್ಲಾ ಹೋತು. ನನ್ನ ಅಕ್ಷರ, ನನ್ನ ಬಾರ್ಡರು, ಮಗಳ ಕಾರ್ಡು, ಒಂದೂ ಇಲ್ಲ. ಬೀಗರಿಗೆ ಏನಂತ ಮುಖ ತೋರಿಸ್ಲಿ?"

ಬಿಚ್ಚಿದ್ದನ್ನ ಹಂಗ ಬಿಟ್ಟು ಸಿಕ್ಕ ಬಸ್ ಹತ್ತಿ ನಿಂತ ಬಂದೆ. ಬಂದು ನೋಡಿದ್ರ ಮನುಷ್ಯಾ ಕುಂತದ್ದು ಅಕ್ಕಾರ ವಿಂಡೋಸಿನ್ಯಾಗ! ಹತ್ತು ಸೆಕೆಂಡು ಕನ್ನಡಕ ಹುಡುಕೋದ್ರಾಗ ಕಳದಿತ್ತು. ಮತ್ತ ಚಾಲೂ ಮಾಡಿ ಅವರ ಹೆಸರು ಒತ್ತಿದೆ. ಎಲ್ಲಾ ಇದ್ದಲ್ಲೇ ಇತ್ತು.

"ಇಲ್ಲೇ ಇದ್ವೇನು? ನನಗ ಯಾಕ ಕಾಣ್ಲಿಲ್ಲ?" ಅಂತ ಕೇಳಿದ್ರು.

ಅಕ್ಕಾರು ಒಳಗಿಂದ, "ನನ್ನ ಸೀರಿ ಟ್ರಂಕಿನ್ಯಾಗ ನಿಮ್ಮ ಪಂಜೆ ಹುಡುಕಿದ್ರ ಹೆಂಗ ಸಿಗತೈತಿ?" ಅಂದ್ರು.

೫. ಹತ್ತು ಸೆಕೆಂಡಿನ್ಯಾಗ ಹೆಸರು

ಬೀಗರು ಕಾರ್ಡು ನೋಡಾಕ ಬರೋ ದಿನ ಬಂತು. ಸಿಸ್ಟಮ್ ಕೈ ಕೊಟ್ಟೀತು ಅಂತ ಮಾಲೀಕರು ನನ್ನೂ ಕರಸಿದ್ರು. ತಾವು ಮಾತ್ರ ಮುಂಜಾನೇನ ಹೊಸಪೇಟಿಗೆ ಕಾರ್ಡಿನ ಸ್ಯಾಂಪಲ್ ತರಾಕ ಹೋದವರು ಇನ್ನೂ ಪತ್ತೆ ಇಲ್ಲ. ಗಂಡು, ಅವನ ಅಪ್ಪ, ಅವ್ವ ಬಂದು ಕುಂತ್ರು. ಮಂಡಕ್ಕಿ, ಮೆಣಸಿನಕಾಯಿ ತಿಂದಿದ್ದಾತು, ಚಾ ಕುಡದಿದ್ದಾತು. ಗಂಡಿನ ಅಪ್ಪ ಗಡಿಯಾರ ನೋಡಾಕ ಹತ್ತಿದ್ರು.

"ನಮ್ಮ ಬಸ್ಸಿನ ಹೊತ್ತಾತು. ತೋರಿಸೋದಿದ್ರೆ ತೋರಿಸ್ರಿ, ಇಲ್ಲಾಂದ್ರೆ ನಮ್ಮೂರಲ್ಲೇ ಹಾಕಿಸ್ತೀವಿ."

ಅಕ್ಕಾರ ಎರಡೂ ಕೈಗೆ ಹೋಳಿಗಿ ಕಣಕ ಮೆತ್ತಿತ್ತು. ಅಡಗಿಮನಿ ಬಾಗಿಲಿನಿಂದಾನ ಅಳಿಯಗ ಅಂದ್ರು, "ನೀವ ಚಾಲೂ ಮಾಡ್ರೆಪಾ." ಹುಡುಗ ಕುಂತು ಬಟನ್ ಒತ್ತಿದ. ಪರದಿ ಮ್ಯಾಲೆ ಎರಡು ಹೆಸರು ಬಂದ್ವು. "ಯಾವ್ದು ಒತ್ಲಿ ಅತ್ತೆ?"

"ಇವರದು ಒತ್ರಿ."

ಗಂಡಿನ ಅವ್ವ ಇಂಥಾ ಮಾತಿಗೇನ ಕಾದಂಗಿದ್ರು. "ಇವರು ಅಂದ್ರೆ ಯಾರಮ್ಮಾ? ಅವ್ರಿಗೆ ಹೆಸರಿಲ್ವಾ? ಲೇ, ಒತ್ತಬ್ಯಾಡ! ಬೀಗಿತ್ತಿ ಬಾಯಲ್ಲಿ ಹೆಸರು ಬರ್ಲಿ. ಹೇಳಿದ್ರೆ ಎರಡೂ ಮನಿ ಕಾರ್ಡು ಇಲ್ಲೇ. ನಮ್ಮ ಯಜಮಾನ್ರನ್ನ ನಾನು ಒಪ್ಪಿಸ್ತೀನಿ."

ನಾನ ಒತ್ತಿಬಿಡೋಣ ಅಂತ ಎದ್ದೆ. "ನೀವು ಸುಮ್ನೆ ಮಂಡಕ್ಕಿ ತಿನ್ರಿ ಸಾರ್" ಅಂದ್ರು ಗಂಡಿನ ಅವ್ವ. ಕುಂತೆ.

ಮಾಲೀಕರ ಹೆಸರು ಕೊಟ್ರೇಶಿ, ಊರ ದೇವರ ಹೆಸರ ಅದು. ಕೊಟ್ಟೂರು ಬಸ್‌ಸ್ಟ್ಯಾಂಡಿನ್ಯಾಗ ನಿಂತು ಆ ಹೆಸರು ಕೂಗಿದ್ರ ಅರ್ಧ ಬಸ್ಸು ಇಳದು ಬರತೈತಿ. ಆದ್ರ ಅಕ್ಕಾರ ಬಾಯಿಂದ ಮಾತ್ರ ಅದು ಬಂದಿದ್ದಿಲ್ಲ. ಗಂಡನ ಹೆಸರಿಗೆ ತಾಗತೈತಿ ಅಂತ ಊರಿನ ಹೆಸರೂ ಹೇಳಂಗಿಲ್ಲ. ಬಸ್ಸಿನ್ಯಾಗ "ನಮ್ಮೂರಿಗೊಂದು ಕೊಡ್ರಿ" ಅಂತಾರ, ಕಂಡಕ್ಟರು "ನಿಮ್ಮೂರು ಯಾವುದವ್ವಾ?" ಅಂತಾನ, ಇವರು ಕೂಡ್ಲಿಗಿಯಿಂದ ಬರೋ ದಾರಿ ತೋರಿಸ್ತಾರ. ಇಂಥಾವರು ಗಂಡನ ಹೆಸರು ಹೇಳಬೇಕಂದ್ರ ಪ್ರಾಸ ಕೂಡಿಸಿ ಒಡಪು ಕಟ್ಟೇ ಹೇಳಬೇಕಲ್ಲ? ನಾಚಿಕೊಂಡು, ಸೆರಗು ಸರಿ ಮಾಡ್ಕೊಂಡು, ಶುರು ಮಾಡಿದ್ರು.

"ಹಡಗಲಿ ಮಲ್ಲಿಗಿ ಮೊಳ ಮೊಳ ತಂದು,
ಮುಡಿಸ್ಯಾರ ತಪ್ಪದ ದಿನಕ್ಕೊಂದು,
ಬೀಗರ ಮುಂದ ಹೇಳತೀನಿ ಇಂದು…"

"ಮೂರು, ಎರಡು, ಒಂದು! ಹೋತು ಅತ್ತೆ" ಅಂದ ಅಳಿಯ. ಅಕ್ಕಾರ ವಿಂಡೋಸ್ ತೆರಕೊಂಡು ಕುಂತ್ತು.

ಮತ್ತ ಬಂದ್ ಮಾಡಿ ಚಾಲೂ ಮಾಡಿದ್ರು. ಈ ಸಲ ಸಣ್ಣದು ಹಿಡದ್ರು. "ತುಂಗಭದ್ರಿ ನೀರು ತಣ್ಣಗ…" ಹುಡುಗ ಪರದಿ ನೋಡಿ ಜೋರಾಗಿ ಎಣಸಾಕ ಹತ್ತಿದ್ದ. "ಎಣಸಬ್ಯಾಡ್ರೆಪಾ, ಮುಂದಿಂದು ಮರೀತೈತಿ!" ಅಂತ ಅಕ್ಕಾರು ಅನ್ನೋದ್ರಾಗ ಅದೂ ಮುಗೀತು.

ಮೂರನೇ ಸಲ ಚಾಲೂ ಮಾಡುವಾಗ ಗಂಡಿನ ಅಪ್ಪ ಎದ್ದು ಬ್ಯಾಗು ಕೈಗೆ ತಗೊಂಡ್ರು. "ಬಸ್ಸು ಸಿಗಲ್ಲ, ನಡೀರಿ. ಕಾರ್ಡು ಅಲ್ಲೇ ಆಗ್ಲಿ." ಬಾಗಿಲ ಪರದಿ ಹಿಂದ ನಗ್ತಾ ನಿಂತಿದ್ದ ಮಗಳ ಮುಖ ಬಾಡಿತು. ನನ್ನ ನಗುನೂ ನಿಂತ್ತು. ಊರಿಗೆಲ್ಲಾ ಕಾರ್ಡು ಮಾಡಿ ಕೊಟ್ಟ ಮನುಷ್ಯಾ, ತನ್ನ ಮಗಳದು ಬ್ಯಾರೆ ಕಡಿ ಅಚ್ಚಾದ್ರ ಹೆಂಗ ತಡಕೊಂಡಾನು ಪಾಪ! ಅಕ್ಕಾರು ಆ ಬ್ಯಾಗಿನ ಕಡಿ ನೋಡಿದ್ರು, ಪರದಿಯ ಎರಡು ಹೆಸರಿನ ಕಡಿ ನೋಡಿದ್ರು. ಒಡಪಿಲ್ಲ, ನಾಚಿಕಿ ಇಲ್ಲ, ಓಣಿ ನಡುಗೋವಂಗ ಒದರಿದ್ರು.

"ಕೊಟ್ರೇಶೀ! ಏ ಕೊಟ್ರೇಶೀ!"

ಅಳಿಯ ಹೆದರಿ ಎಂಟರ್ ಒತ್ತಿಬಿಟ್ಟ. ಅದ ಹೊತ್ತಿಗೆ ಹೊರಗ ಧೊಪ್ ಅಂತ ಸಪ್ಪಳ. ಮಾಲೀಕರು ಕಾರ್ಡಿನ ಬಂಡಲ್ ಮೆಟ್ಟಲ ಮ್ಯಾಲೆ ಕೆಡವಿ, ಒಂದು ಕಾಲಿನ ಚಪ್ಪಲಿ ಬಿಟ್ಟು ಒಳಗ ಓಡಿ ಬಂದ್ರು. ಮುಖದಾಗ ರಕ್ತ ಇಲ್ಲ.

"ಏನಾತು? ಯಾರು ಹೋದ್ರು?"

ಲಗ್ನ ಆದಾಗಿನಿಂದ ಹೆಂಡ್ತಿ ಹೆಸರು ಹಿಡದು ಕರದಿದ್ದಿಲ್ಲ. ಈಗ ಕರದಾಳ ಅಂದ್ರ ಮನ್ಯಾಗ ಹೆಣಾನ ಬಿದ್ದಿರಬೇಕು ಅಂತ ತಿಳಕೊಂಡಿದ್ರು. ಗಂಡಿನ ಅವ್ವ ನಕ್ಕು ನಕ್ಕು ನೆಲಕ್ಕ ಕುಂತ್ರು. ಗಂಡಿನ ಅಪ್ಪ ಕಣ್ಣೊರಸಿಕೊಂಡು ಬ್ಯಾಗು ಕೆಳಗಿಟ್ಟು, ಹುಡುಗ ಪರದಿ ಮ್ಯಾಲೆ ತೆರದಿಟ್ಟ ಕಾರ್ಡು ಪೂರಾ ಓದಿ, "ಬಸ್ಸು ಹೋದ್ರೆ ಹೋಗ್ಲಿ, ಎರಡೂ ಮನಿ ಕಾರ್ಡು ಇಲ್ಲೇ" ಅಂದ್ರು. ಮಾಲೀಕರಿಗೆ ಅದು ಕೇಳಿಸ್ತೋ ಇಲ್ಲೋ ದೇವರಿಗೇ ಗೊತ್ತು. ಅವರು ಅಡಗಿಮನಿ ಬಾಗಿಲಾಗಿದ್ದ ಹೆಂಡ್ತಿನ್ನ ನೋಡ್ತಾ ನಿಂತಿದ್ರು.

ಮದಿವಿ ಮುಗದು ಎಲ್ಲಾ ಸುಸೂತ್ರ ಆದ ಮ್ಯಾಲೆ ಒಂದಿನ ಮಾಲೀಕರು ಫೋನ್ ಮಾಡಿದ್ರು. ಆ ಹೆಸರು ಇನ್ನೊಮ್ಮೆ ಕೇಳೋ ಆಸೇಕ ದಿನಾ ಮುಂಜಾನಿ ಸಿಸ್ಟಮ್ ಚಾಲೂ ಮಾಡಿ "ಯಾವುದು ಒತ್ಲೇ?" ಅಂತ ಹೆಂಡ್ತಿನ ಕೇಳ್ತಾರಂತ.

"ಚಲೋ ಆತಲ್ರಿ ಅಣ್ಣಾರ, ಏನಂತಾರ?"

"'ಮ್ಯಾಲಿಂದು' ಅಂದು ಪಾರಾಗಿಬಿಡ್ತಾಳಪಾ. ತಮ್ಮಾ, ನನ್ನ ಹೆಸರು ಒಂದಿನ ಮ್ಯಾಲೆ, ಒಂದಿನ ಕೆಳಗ ಬರೋವಂಗ ಮಾಡಿ ಹೋಗು."