ಅರ್ಧ ಸೀಟಿನ ಸೊಂಟ ನೋವು

೧೯೮೬ರಲ್ಲಿ, ಏಳನೆಯ ತರಗತಿಯಲ್ಲಿ, ನಾನು ನನ್ನ ವಿದ್ಯಾಭ್ಯಾಸವನ್ನು ಮುಕ್ತಾಯಗೊಳಿಸಿದೆ. ಮೊದಲು ಜೀಪು ತೊಳೆದೆ, ಆಮೇಲೆ ಓಡಿಸಿದೆ, ಆಮೇಲೆ ಸ್ವಂತದ್ದೇ ತೆಗೆದುಕೊಂಡೆ. ಸುಳ್ಯದಿಂದ ಮಂಡೆಕೋಲಿನವರೆಗೆ ಯಾವ ಜೀಪು ಕೆಮ್ಮಿದರೂ ಎಲ್ಲಿ ಕೆಟ್ಟಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅಂಥ ನನ್ನ ಎಡ ಸೊಂಟ ನೋಯತೊಡಗಿದರೆ ಇನ್ನೊಬ್ಬರನ್ನು ಕೇಳಬೇಕೇ?

ನಾನೇ ಪರಿಶೀಲಿಸಿ ತೀರ್ಪು ಕೊಟ್ಟೆ: ಸೊಂಟ ನೋಯುವುದು ಜೀಪು ಕುಲುಕುವುದರಿಂದ, ಜೀಪು ಕುಲುಕುವುದು ಅದರ ಕೀಲುಗಳಲ್ಲಿನ ರಬ್ಬರ್ ಬುಶ್ ಸವೆದದ್ದರಿಂದ. ನಾಲ್ಕು ಬುಶ್ ಬದಲಾಯಿಸಿದೆ. ಜೀಪು ತೊಟ್ಟಿಲಿನಂತೆ ಓಡಿತು. ನಾನು ಮಾತ್ರ ಕಂಬಿ ಹಿಡಿದೇ ಇಳಿದೆ.

“ನೋವು ಜೀಪಿಗೋ, ನಿಮಗೋ?” ಎಂದಳು ಹೆಂಡತಿ ಸರೋಜ.

ಆಮೇಲೆ ಎಣ್ಣೆಗಳ ಸರದಿ. ಮೂರು ಬಗೆಯದ್ದು ಉಜ್ಜಿ ನಾನು ಸೀಟಿನಲ್ಲಿ ಜಾರತೊಡಗಿದೆ. ನೋವು ಜಾರಲಿಲ್ಲ! ಒಂದು ದಿನ ಏರಿನಲ್ಲಿ ಕ್ಲಚ್ ಒತ್ತಲು ಕಾಲು ಏಳದೆ, ಜನ ತುಂಬಿದ್ದ ಜೀಪು ನಾಲ್ಕು ಮಾರು ಹಿಂದಕ್ಕೆ ಹೋಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಿತ್ತು. ಸ್ಟಿಯರಿಂಗ್ ಬಿಟ್ಟರೆ ನನಗೆ ಬೇರೇನು ಬರುತ್ತದೆ?

ಸರೋಜ ನನ್ನನ್ನು ಪುತ್ತೂರಿನ ಎಲುಬಿನ ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು. ಎಕ್ಸ್‌ರೇ ಆಯಿತು.

“ಬುಶ್ ಹೋಗಿದೆಯಾ ಡಾಕ್ಟ್ರೇ?” ಎಂದೆ.

“ಬುಶ್ ಸರಿ ಉಂಟು. ಅದಿರಲಿ, ನೀವು ಹಾಗೆ ಕೂತದ್ದು ಎಂತಕ್ಕೆ?”

ನೋಡಿಕೊಂಡೆ. ನನ್ನ ಎಡ ಅರ್ಧ ಕುರ್ಚಿಯ ಅಂಚಿನಲ್ಲಿತ್ತು, ಬಲ ಅರ್ಧ ಗಾಳಿಯಲ್ಲಿತ್ತು. ಉಳಿದ ಕುರ್ಚಿ ಖಾಲಿ.

“ಅಲ್ಲಿ ಯಾರು ಕೂತುಕೊಳ್ಳುದು?” ಎಂದು ಡಾಕ್ಟರಮ್ಮ ಆ ಖಾಲಿ ಜಾಗ ತೋರಿಸಿದರು.

ಮುಂದಿನ ಸೀಟಿಗೆ ನನ್ನನ್ನೂ ಸೇರಿಸಿ ನಾಲ್ಕು ಜನ, ಡ್ರೈವರಿಗೆ ಅರ್ಧವೇ ಸಿಗುವುದು ಎಂದು ನಮ್ಮ ಕಡೆಯ ಪದ್ಧತಿಯನ್ನು ವಿವರಿಸಿದೆ. ಅಷ್ಟಕ್ಕೇ ನಿಲ್ಲುತ್ತಿತ್ತು. ಸರೋಜ ಬಾಯಿ ಹಾಕಿದಳು.

“ಮಂಚದಲ್ಲಿಯೂ ಹಾಗೆಯೇ ಡಾಕ್ಟ್ರೇ, ತುದಿಯಲ್ಲಿ ಮಲಗುದು. ಇಷ್ಟು ವರ್ಷ ನಾನು ಅದನ್ನು ಪ್ರೀತಿ ಅಂತ ಗ್ರಹಿಸಿದ್ದೆ.”

ಡಾಕ್ಟರಮ್ಮ ನಗು ನುಂಗಿ ಮಾತ್ರೆ ಬರೆದರು, ಎರಡು ವ್ಯಾಯಾಮ ಕಲಿಸಿದರು. ಪೂರ್ತಿ ಸೀಟಿನಲ್ಲಿ ಕೂರದಿದ್ದರೆ ಜೀಪು ಓಡಿಸುವ ಆಸೆ ಬಿಡಬೇಕು ಎಂದರು.

ಡಾಕ್ಟರಮ್ಮ ಹೇಳಿದ ಎರಡು ವಾರದ ರಜೆ ಮುಗಿಸಿ ಪೂರ್ತಿ ಸೀಟಿನಲ್ಲಿ ಕುಳಿತು ಹೊರಟೆ. ಕೈಗಳಿಗೆ ಸ್ಟಿಯರಿಂಗ್ ಎಲ್ಲಿದೆ ಎಂದೇ ತಿಳಿಯಲಿಲ್ಲ. ತಿರುವಿನಲ್ಲಿ, ದಿನಾ ಮುಂದಿನ ಸೀಟಿಗೇ ಹತ್ತುವ ಕಮಲಕ್ಕ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. ಅವರನ್ನು ಕಂಡದ್ದೇ ನನ್ನ ಸೊಂಟ ತಾನಾಗಿ ಬಾಗಿಲ ಕಡೆಗೆ ಸರಿಯಿತು.

“ನೀವು ಸರಿಯುದು ಬೇಡ ಮಾರಾಯ್ರೆ. ಮಂಚದ ಕಥೆ ಸಮೇತ ಸರೋಜ ಎಲ್ಲ ಹೇಳಿದ್ದಾಳೆ,” ಎಂದು ಕಮಲಕ್ಕ ಹಿಂದೆ ಹತ್ತಿದರು.

ಹಿಂದಿನ ಸೀಟು ಸುಳ್ಯದವರೆಗೂ ನಗುತ್ತಲೇ ಇತ್ತು.

ನೋವು ಈಗ ಬಹಳ ಕಡಿಮೆ. ನನ್ನಲ್ಲಿರುವುದು ಇಷ್ಟು: ಜೀಪು ಒಂದು, ಹೊಸ ಬುಶ್ ನಾಲ್ಕು, ಎಣ್ಣೆ ಬಾಟಲಿ ಮೂರು, ಸವೆಯದ ಸೊಂಟ ಒಂದು, ಮಂಚದಲ್ಲಿ ಸರಿಯಾಗಿ ಅರ್ಧ.